ಗಂಟು ಕೂರುವ ಜಾಗ

ಸೋಫಾ ಮಾಡುವವನು ಹೊಲಿಗೆ ಮಿಷನ್ನಿನ ಸುತ್ತ ಒಂದು ಸುತ್ತು ಹಾಕಿ, ಗಾಲಿಯನ್ನು ಅಂಗೈಯಿಂದ ತಿರುಗಿಸಿ, ಬಗ್ಗಿ ಅದರ ಹೊಟ್ಟೆಯ ಕೆಳಗೆ ಇಣುಕಿ ನೋಡಿದ. ಕೊನೆಗೆ, ಕೊಳ್ಳಲು ಬಂದವನು ಎತ್ತಿನ ಬೆನ್ನು ತಟ್ಟುವಂತೆ, ಎರಕದ ಕಬ್ಬಿಣದ ತೋಳನ್ನು ತಟ್ಟಿದ.

"ಗಟ್ಟಿ ಪಿಂಡ, ಯಜಮಾನ್ರೇ. ಶನಿವಾರ ಬೆಳಿಗ್ಗೆ ಗಾಡಿ ತರ್ತೀನಿ. ಇಬ್ಬರು ಆಳುಗಳನ್ನೂ ಕರ್ಕೊಂಡು ಬರ್ತೀನಿ."

"ತಗೊಂಡು ಹೋಗು," ಅಂದರು ಮಾವ. "ಸುಮ್ನೆ ನಿಂತು ನನ್ನ ಮುಖ ನೋಡೋದಕ್ಕಿಂತ ನಿನ್ನ ಸೋಫಾ ಆದ್ರೂ ಹೊಲೀಲಿ."

ಹಾಗೆಂದು ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡರು. ಆ ಮಣಿಕಟ್ಟು ಕೈಕೊಟ್ಟು ಒಂದು ಚಳಿಗಾಲ ಕಳೆದಿತ್ತು. ಊಟದ ತಟ್ಟೆ ಹಿಡಿದರೂ ನಡುಗುತ್ತಿತ್ತು. ದಪ್ಪ ಚರ್ಮವನ್ನು ಸೂಜಿಯ ಕೆಳಗೆ ನೇರವಾಗಿ ನಡೆಸುವ ಕೆಲಸ ಇನ್ನು ಆಗದು ಎಂಬುದು ಡಾಕ್ಟರಿಗಿಂತ ಮೊದಲೇ ಅವರಿಗೆ ತಿಳಿದಿತ್ತು.

ಕಲ್ಲುಚಪ್ಪಡಿಯ ಮುಂದೆ ಕೂತು ಪಟ್ಟಿಯೊಂದರ ಅಂಚನ್ನು ಕೆರೆದು ತೆಳ್ಳಗೆ ಮಾಡುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು.

ಮಾವನ ಆ ಚರ್ಮದ ಅಂಗಡಿ ದೊಡ್ಡದೇನಲ್ಲ. ರಸ್ತೆಗೆ ತೆರೆದುಕೊಂಡ ಒಂದೇ ಕೋಣೆ, ಅದರ ಹಿಂದೆ ಮನೆ. ಗೋಡೆಯ ಮೊಳೆಗಳಿಗೆ ಜೋತುಬಿದ್ದ ಪಟ್ಟಿಗಳು, ಡಬ್ಬಿಗಳಲ್ಲಿ ಬಕಲುಗಳು, ಗಾಳಿಯಲ್ಲಿ ಸದಾ ಅಂಟಿನ ಮತ್ತು ಮೇಣದ ವಾಸನೆ. ಗಂಡ ಚರ್ಮ ಕತ್ತರಿಸುತ್ತಾನೆ. ಸೊಸೆ ಅಂಚು ಕೆರೆಯುತ್ತಾಳೆ, ಅಂಟು ಹಚ್ಚುತ್ತಾಳೆ, ಕಡೆಗೆ ಉಜ್ಜಿ ಹೊಳಪು ಬರಿಸುತ್ತಾಳೆ. ನಡುವಿನ ಕೆಲಸ ಹೊಲಿಗೆ. ಅದು ಮಾವನದು. ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಒಮ್ಮೆ ಮಗನನ್ನು ಕೂರಿಸಿದ್ದರಂತೆ. ಅವನು ಚರ್ಮದ ಜೊತೆಗೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಕೊಂಡು, "ಅಮ್ಮಾ" ಎಂದು ಕೂಗಿದನಂತೆ. ಅತ್ತೆ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಸೊಸೆಯನ್ನು ಮಾತ್ರ ಯಾರೂ ಕೂರಿಸಿ ನೋಡಿರಲಿಲ್ಲ. ತವರಿನಲ್ಲಿ ಕಿಟಕಿ ಪರದೆಗಳನ್ನು ಹೊಲಿದು ಬೆಳೆದವಳು ಅವಳು. ಮದುವೆಯಾಗಿ ಬಂದ ದಿನದಿಂದ ಆ ಸ್ಟೂಲಿನ ಮೇಲೆ ಅವಳಿಗೊಂದು ಕಣ್ಣು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಸೋಫಾದವನು ಬಾಗಿಲು ದಾಟುವಷ್ಟರಲ್ಲಿ ಗುಬ್ಬಿ ಒಳಗೆ ಬಂದಳು. ಗುಬ್ಬಿ ಎಂಬುದು ಆ ರಸ್ತೆಯವರು ಇಟ್ಟ ಹೆಸರು. ಆಳು ಅಷ್ಟೇ ಗಿಡ್ಡ, ಸ್ವರವೂ ಹಾಗೇ. ಆದರೆ ಭಾರ ಎತ್ತುವ ಪಂದ್ಯಗಳಲ್ಲಿ ಅವಳ ಎದುರು ನಿಲ್ಲಲು ಅವಳ ಎರಡರಷ್ಟು ಗಾತ್ರದವರು ಹಿಂದುಮುಂದು ನೋಡುತ್ತಿದ್ದರು. ಅವಳು ಕೈಯಲ್ಲಿದ್ದ ಸೊಂಟದ ಪಟ್ಟಿಯನ್ನು ಮೇಜಿನ ಮೇಲೆ ಎಸೆದಳು. ಎರಡು ಪದರದ ದಪ್ಪ ಚರ್ಮದ ಪಟ್ಟಿ ಅದು. ಈಗ ಮೊಸಳೆಯ ಬಾಯಿಯಂತೆ ಅಗಲವಾಗಿ ಬಿಚ್ಚಿಕೊಂಡಿತ್ತು.

"ನೋಡಿ ತಾತ! ಪೇಟೆ ಅಂಗಡಿಯಿಂದ ತಂದು ಇನ್ನೂ ತಿಂಗಳಾಗಿಲ್ಲ. ಭಾರ ಎತ್ತೋಕೆ ಉಸಿರು ತುಂಬಿದೆ, ಪರ್ ಅಂತ ಹೋಯ್ತು. ಮೈದಾನದಲ್ಲಿದ್ದವರೆಲ್ಲ ನನ್ನ ಚಡ್ಡಿ ಹರೀತು ಅಂದ್ಕೊಂಡ್ರು."

ಮಾವ ಪಟ್ಟಿಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಕೆಳಗಿನ ದಾರ ನೆಟ್ಟಗೆ ತಂತಿ ಎಳೆದಂತೆ ಮಲಗಿತ್ತು. ಒಂದು ಕಡೆ ಸವೆದು ಕಡಿದದ್ದೇ ತಡ, ಅದನ್ನು ನಂಬಿಕೊಂಡಿದ್ದ ಮೇಲಿನ ಹೊಲಿಗೆಯೆಲ್ಲ ಸಾಲಾಗಿ ಕಳಚಿತ್ತು.

"ಗಂಟು ಒಳಗೆ ಕೂತೇ ಇಲ್ಲ," ಎಂದರು. "ಹೊರಗೆ ನೇತಾಡ್ತಾ ಇತ್ತು. ಹೋಗದೆ ಇನ್ನೇನಾಗುತ್ತೆ?"

"ನೀವೇ ಒಂದು ಮಾಡ್ಕೊಡಿ. ಭಾನುವಾರ ದೊಡ್ಡ ಪಂದ್ಯ ಇದೆ."

"ನನ್ನ ಕೈ ನೋಡಮ್ಮ. ಇದು ಈಗ ಡೋಲು ಬಾರಿಸೋಕೆ ಮಾತ್ರ ಲಾಯಕ್ಕು."

ಗುಬ್ಬಿಯ ಮುಖ ಇಳಿಯಿತು. ಪಟ್ಟಿಯಿಲ್ಲದೆ ಆ ಭಾರ ಎತ್ತಿದರೆ ಬೆನ್ನು ಹೋಗುತ್ತದೆ, ಎತ್ತದಿದ್ದರೆ ಪಂದ್ಯ ಹೋಗುತ್ತದೆ.

"ನಾನು ಹೊಲೀತೀನಿ."

ಮಾತು ತನ್ನ ಬಾಯಿಂದಲೇ ಬಂದದ್ದು ಎಂದು ಸೊಸೆಗೆ ತಿಳಿದದ್ದು ಎಲ್ಲರೂ ತನ್ನತ್ತ ತಿರುಗಿದಾಗ. ಚರ್ಮ ಕತ್ತರಿಸುತ್ತಿದ್ದ ಗಂಡ ಕತ್ತಿ ಕೆಳಗಿಟ್ಟ. ಒಳಗಿನಿಂದ ಅತ್ತೆಯ ತಲೆ ಇಣುಕಿತು.

"ಅದು ಪರದೆ ಅಲ್ಲಮ್ಮ," ಎಂದರು ಮಾವ, ಮೆಲ್ಲಗೆ.

"ಗೊತ್ತು ಮಾವ."

"ಪರದೆ ಬಿಚ್ಕೊಂಡ್ರೆ ಬಿಸಿಲು ಬೀಳುತ್ತೆ. ಇದು ಬಿಚ್ಕೊಂಡ್ರೆ ಈ ಹುಡುಗಿ ಬೀಳ್ತಾಳೆ."

"ಅದೂ ಗೊತ್ತು. ಶನಿವಾರದೊಳಗೆ ಪಟ್ಟಿ ಮಾಡ್ತೀನಿ. ನೀವೇ ನೋಡಿ. ಸರಿಯಾಗಿದ್ರೆ ಮಿಷನ್ ಕೊಡೋ ಹಾಗಿಲ್ಲ. ಸರಿ ಇಲ್ದಿದ್ರೆ ಗಾಡಿಗೆ ನಾನೂ ಒಂದು ಕೈ ಕೊಟ್ಟು ಹೇರ್ತೀನಿ."

ಮಾವ ಬಿಚ್ಚಿಕೊಂಡ ಪಟ್ಟಿಯನ್ನು ಅವಳ ಕಡೆಗೆ ಸರಿಸಿದರು. "ಇವಳು ಉಸಿರು ತುಂಬಿ ಭಾರ ಎತ್ತಿ ನಿಂತಾಗ ಒಂದು ಹೊಲಿಗೆಯೂ ಮಿಸುಕಬಾರದು."

"ಮಿಸುಕಲ್ಲ."

"ಆಗ್ಲಿ," ಎಂದರು. ಗುಬ್ಬಿ ಸೊಸೆಯ ಕೈ ಹಿಡಿದು ಕುಲುಕಿದಳು. ಬೆರಳುಗಳು ಸಂಜೆಯವರೆಗೂ ನೋಯುತ್ತಿದ್ದವು.

*

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸಂಜೆ ಕೆಲಸ ಮುಗಿದ ಕೂಡಲೇ ಮಾವ ಮಿಷನ್ನಿನ ಮೇಲಿರುವ ದಾರ ಬಿಗಿಯುವ ತಿರುಪನ್ನು ಪೂರ್ತಿ ಸಡಿಲಿಸಿಬಿಡುತ್ತಿದ್ದರು. ಸ್ಪ್ರಿಂಗು ಬಿಗಿದುಕೊಂಡು ಮಲಗಬಾರದು, ಅದಕ್ಕೂ ನಿದ್ದೆ ಬೇಕು ಎಂದು ಅವರಿಗೆ ಕಲಿಸಿದವರು ಹೇಳಿದ್ದರಂತೆ. ಹೀಗಾಗಿ ಪ್ರತಿ ಬೆಳಿಗ್ಗೆ ಹೊಸದಾಗಿ ಆರಂಭ. ಮಾವ ಸ್ಟೂಲಿನ ಮೇಲೆ ಕೂತು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ, ಒಂದು ಸೂಜಿಯನ್ನು ದಾರಕ್ಕೆ ಪೋಣಿಸಿ ಮಕ್ಕಳ ಆಟದಂತೆ ಮೇಲಿಂದ ಕೆಳಕ್ಕೆ ಜಾರಿಸುತ್ತ, ಸಾಕಾದ ಮೇಲೆ ಸೂಜಿಯನ್ನು ಮಿಷನ್ನಿಗೆ ಹಾಕಿ, ಆಮೇಲೆ ತಿರುಪಿಗೆ ಕೈ ಹಚ್ಚುತ್ತಿದ್ದರು. ಕಣ್ಣು ಮುಚ್ಚಿ ಎರಡು ಬೆರಳಲ್ಲಿ ದಾರ ಎಳೆಯುವರು, ಒಂದಿಷ್ಟು ತಿರುಗಿಸುವರು, ಮತ್ತೆ ಎಳೆಯುವರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ಆ ಗಳಿಗೆಯನ್ನು. "ಎಲ್ಲಾ ಈ ತಿರುಪಲ್ಲಿದೆ," ಎನ್ನುತ್ತಿದ್ದರು ಮಾವ. ಮನೆಯವರೂ ಅದನ್ನೇ ನಂಬಿದ್ದರು.

ಸೊಸೆಯೂ ತಿರುಪಿನಿಂದಲೇ ಶುರುಮಾಡಿದಳು. ಸೂಜಿಯನ್ನು ಆರಿಸುವಾಗ ಅವಳ ತವರಿನ ಕೈ ಮಾತಾಡಿತು. ಸೂಜಿ ಸಣ್ಣದಾದಷ್ಟೂ ಹೊಲಿಗೆ ಅಂದ ಎಂಬುದು ಪರದೆಯವರ ಲೆಕ್ಕ. ಡಬ್ಬಿಯಲ್ಲಿದ್ದ ಸೂಜಿಗಳಲ್ಲಿ ನೂರ ನಲವತ್ತರದು ತೆಗೆದಳು. ಆ ನಂಬರು ಬೇರೇನಲ್ಲ, ಸೂಜಿಯ ದಪ್ಪ. ನೂರು ಎಂದರೆ ಒಂದು ಮಿಲಿಮೀಟರು. ತುದಿ ಚರ್ಮ ಸೀಳುವ ಸಣ್ಣ ಅಲಗಿನಂಥದು, ಅದರಲ್ಲಿ ತಪ್ಪಿರಲಿಲ್ಲ. ಪಟ್ಟಿಗೆ ಬೇಕಾದ ದಪ್ಪ ನೈಲಾನ್ ದಾರ ಆ ಸೂಜಿಯ ಕಣ್ಣಿನಲ್ಲಿ ಒತ್ತಿಕೊಂಡು ತೂರಿತು. ತೂರಿತಲ್ಲ, ಸಾಕು ಅಂದುಕೊಂಡಳು.

ಗಂಡ ಅದೇ ಚರ್ಮದ ಚೂರುಗಳನ್ನು ಎರಡೆರಡು ಪದರ ಅಂಟಿಸಿ ಕೊಟ್ಟ. ಮೊದಲ ಚೂರು ಮೇಲಿನಿಂದ ನೋಡಿದರೆ ಮುತ್ತಿನ ಸಾಲು. ತಿರುಗಿಸಿದರೆ ಹಿಂದೆ ಇರುವೆ ಮೊಟ್ಟೆಗಳ ಸಾಲು.

ಮಿಷನ್ನಿನ ಹೊಲಿಗೆ ಎಂದರೆ ಎರಡು ದಾರಗಳ ಮಾತು. ಮೇಲಿನದು ಸೂಜಿಯೊಡನೆ ಚರ್ಮದೊಳಗೆ ಇಳಿಯುತ್ತದೆ, ಕೆಳಗೆ ಬಾಬಿನ್ನಿನ ದಾರವನ್ನು ತಬ್ಬಿಕೊಂಡು ಮೇಲೆ ಬರುತ್ತದೆ. ತಬ್ಬಿಕೊಂಡ ಜಾಗವೇ ಗಂಟು. ಅದು ಎರಡು ಪದರಗಳ ನಡುವೆ, ಯಾರ ಕಣ್ಣಿಗೂ ಬೀಳದೆ ಕೂರಬೇಕು. ಇಲ್ಲಿ ಅದು ಕೆಳಗೇ ಉಳಿದಿತ್ತು.

"ಬಿಗಿ ಸಾಲದು," ಎಂದರು ಮಾವ, ಬಾಗಿಲ ಹತ್ತಿರ ಕೂತು.

ಸೊಸೆ ತಿರುಪು ಬಿಗಿದಳು. ಇರುವೆ ಮೊಟ್ಟೆಗಳು ಕೊಂಚ ಸಣ್ಣವಾದವು, ಹೋಗಲಿಲ್ಲ. ಇನ್ನೂ ಬಿಗಿದಳು. ದಾರ ಟಣ್ ಎಂದು ಕಡಿಯಿತು. ಮತ್ತೆ ಪೋಣಿಸಿದಳು, ಒಂದು ಕೂದಲೆಳೆ ಸಡಿಲಿಸಿದಳು, ತುಳಿದಳು. ಟಣ್.

"ಪಿಟೀಲು ಕಲೀತಾ ಇದೀಯಾ?" ಎಂದ ಗಂಡ.

"ನೀವು ಅಂಗಿ ತೋಳು ಜೋಪಾನ ನೋಡ್ಕೊಳ್ಳಿ," ಎಂದಳು ಸೊಸೆ. ಒಳಗೆ ಅತ್ತೆ ನಕ್ಕ ಸದ್ದು ಕೇಳಿಸಿತು.

ಮಾರನೆಯ ದಿನ ಬಾಬಿನ್ನಿನ ಕಡೆಯಿಂದ ನೋಡಿದಳು. ಕೆಳಗಿನ ದಾರವನ್ನು ಸಡಿಲ ಮಾಡಿದರೆ ಗಂಟು ಮೇಲೆ ಬರಬಹುದಲ್ಲ? ಬರಲಿಲ್ಲ. ಹೊಲಿಗೆಯೇ ಜೊಳ್ಳಾಯಿತು, ಉಗುರಿನಿಂದ ಎತ್ತಿದರೆ ಎದ್ದು ಬರುತ್ತಿತ್ತು. ರೋಸಿಹೋಗಿ ಡಬ್ಬಿಯಲ್ಲಿದ್ದ ಅತಿ ದಪ್ಪ ಸೂಜಿಯನ್ನೇ ಹಾಕಿದಳು, ಇನ್ನೂರ ಮೂವತ್ತರದು. ಗಂಟೇನೋ ಒಳಗೆ ಹೋಯಿತು. ಆದರೆ ಒಂದೊಂದು ತೂತೂ ಇಲಿ ಕಡಿದಂತೆ, ದಾರದ ಅಕ್ಕಪಕ್ಕ ಬೆಳಕು ಕಾಣುವಷ್ಟು. ಗಂಡ ಚೂರಿನ ಎರಡು ತುದಿ ಹಿಡಿದು ಎಳೆದ. ಅಂಚೆಚೀಟಿಯ ಹಾಗೆ ತೂತಿನ ಸಾಲಿನುದ್ದಕ್ಕೂ ಹರಿಯಿತು.

ಹರಿದ ಚೂರನ್ನು ಹೆಂಡತಿಯ ಕೈಗೆ ಕೊಡುವಾಗ ಅವನು ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾದದ್ದು.

"ಸೋಫಾದವನು ನನಗೂ ಕೆಲಸ ಕೊಡ್ತೀನಿ ಅಂದಿದಾನೆ," ಎಂದ. "ಕತ್ತರಿಸೋ ಕೆಲಸವೇ. ಅಂಟು ಹಚ್ಚೋಕೂ ಜನ ಬೇಕಂತೆ."

"ನಿಮಗೆ ಇಷ್ಟ ಇದ್ರೆ ಹೋಗಿ. ನನ್ನ ಅಂಟಿನ ಡಬ್ಬಿ ಮಾತ್ರ ಮುಟ್ಟಬೇಡಿ."

ಸಿಟ್ಟಿನಲ್ಲಿ ಹೇಳಿಬಿಟ್ಟಳು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಮಿಷನ್ ಹೋದರೆ ಈ ಕೋಣೆಯಲ್ಲಿ ಉಳಿಯುವುದು ಒಂದು ಕತ್ತಿ, ಒಂದು ಅಂಟಿನ ಡಬ್ಬಿ. ಆಮೇಲೆ ಬದುಕೆಲ್ಲ ಬೇರೆಯವರ ಹೊಲಿಗೆಗೆ ಅಂಚು ಕೆರೆಯುವುದೇ. ಮಾವನ ಕಡೆ ನೋಡಿದಳು. ಅವರು ಕೈಕಟ್ಟಿ ಕೂತಿದ್ದರು. "ಕೈಗೆ ಗೊತ್ತಾಗ್ಬೇಕಮ್ಮ," ಎಂದರು, "ಹೇಳ್ಕೊಡೋಕೆ ಆಗಿದ್ರೆ ಹೇಳ್ಕೊಡ್ತಿರಲಿಲ್ವಾ?" ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಅವರಿಗೂ ಮಿಷನ್ ಬಿಡಲು ಮನಸ್ಸಿಲ್ಲ ಎಂಬುದು ಸೊಸೆಗೆ ಆಗ ಹೊಳೆಯಿತು.

*

ಗುರುವಾರ ಮಧ್ಯಾಹ್ನ ಅವಳು ತಿರುಪನ್ನು ಮುಟ್ಟಲಿಲ್ಲ. ಇಷ್ಟು ದಿನ ಹೊಲಿಗೆಯನ್ನು ಮೇಲಿಂದ ನೋಡಿದ್ದಾಯಿತು, ಕೆಳಗಿಂದ ನೋಡಿದ್ದಾಯಿತು. ಒಳಗೆ ಏನಾಗುತ್ತಿದೆ ಎಂದು ಯಾರೂ ನೋಡಿರಲಿಲ್ಲ. ಕೆಟ್ಟ ಚೂರೊಂದನ್ನು ಕಲ್ಲಿನ ಮೇಲಿಟ್ಟು, ಅಂಚು ಕೆರೆಯುವ ತನ್ನ ಕತ್ತಿಯನ್ನೇ ಚೆನ್ನಾಗಿ ಮಸೆದು, ಹೊಲಿಗೆಯ ಸಾಲಿನ ಉದ್ದಕ್ಕೂ ನಡುಮಧ್ಯದಲ್ಲಿ ಸೀಳಿದಳು. ದಾರ ಕಡಿಯದಂತೆ, ತೂತುಗಳನ್ನು ಅರ್ಧಕ್ಕೆ ಸೀಳಿದಂತೆ. ವರ್ಷಗಟ್ಟಲೆ ಚರ್ಮವನ್ನು ಕಾಗದದಷ್ಟು ತೆಳ್ಳಗೆ ಕೆರೆದ ಕೈ ಅದು. ಆ ಸೀಳು ಅವಳಿಗೆ ನೀರು ಕುಡಿದಷ್ಟು ಸಲೀಸು. ಆಮೇಲೆ ಮಾವ ಪೇಪರ್ ಓದುವ ಭೂತಗನ್ನಡಿ ತಂದು ಬಗ್ಗಿದಳು.

ಒಂದೊಂದು ತೂತೂ ಒಂದು ಸಣ್ಣ ಬಾವಿಯಂತೆ ಸೀಳಿ ನಿಂತಿತ್ತು. ಮೇಲಿನ ದಾರ ಎರಡೆಳೆಯಾಗಿ ಇಳಿದಿತ್ತು. ಗಂಟು ಬಾವಿಯ ತಳದಲ್ಲಿ, ತೂತಿನ ಕೆಳಬಾಯಿಗೆ ಸಿಕ್ಕಿಕೊಂಡು ನಿಂತಿತ್ತು. ಅದರ ಮೇಲೆ ಚರ್ಮ ಎರಡೂ ಬದಿಯಿಂದ ಒತ್ತಿಕೊಂಡು ದಾರವನ್ನು ಹಿಸುಕುತ್ತಿತ್ತು. ದಾರದ ಮೈಯೆಲ್ಲ ಉಜ್ಜಿ ನಾರುನಾರಾಗಿತ್ತು.

ಎರಡು ದಾರಗಳು ತೂರಬೇಕಾದ ಆ ತೂತು ಸೊಸೆಗೆ ಒಂದು ಬಾಗಿಲಿನಂತೆ ಕಂಡಿತು. ಅಗಲವಿಲ್ಲದ ಬಾಗಿಲು, ಅದರಲ್ಲಿ ಇಬ್ಬರು ತಬ್ಬಿಕೊಂಡೇ ಒಳಗೆ ಬರಬೇಕು. ಮೇಲಿಂದ ಎಳೆದಷ್ಟೂ ಚೌಕಟ್ಟಿಗೆ ಇನ್ನಷ್ಟು ಸಿಕ್ಕಿಕೊಳ್ಳುತ್ತಾರೆ, ಕೊನೆಗೆ ಎಳೆಯುವವನ ಹಗ್ಗ ಕಡಿಯುತ್ತದೆ. ತಪ್ಪು ಎಳೆತದ್ದಲ್ಲ, ಬಾಗಿಲಿನದು. ಬಾಗಿಲು ಮಾಡುವುದು ಸೂಜಿ. ತಿರುಪಿನ ಸರದಿ ಆಮೇಲೆ. ತೀರಾ ದೊಡ್ಡ ಬಾಗಿಲಿಟ್ಟರೆ ಗೋಡೆಯೇ ನಿಲ್ಲುವುದಿಲ್ಲ, ಇನ್ನೂರ ಮೂವತ್ತರಲ್ಲಿ ಆದದ್ದು ಅದೇ. ಹಾಗಾದರೆ ಈ ದಾರಕ್ಕೆ ತಕ್ಕ ಬಾಗಿಲು ಎಷ್ಟು?

ಸೂಜಿಯ ಕಣ್ಣೇ ಹೇಳಬೇಕು. ಕಣ್ಣಿನಲ್ಲೇ ಒತ್ತಿಕೊಳ್ಳುವ ದಾರ ಆ ಸೂಜಿ ಮಾಡಿದ ತೂತಿನಲ್ಲಿ ಹಾಯಾಗಿ ಓಡೀತೇ? ದಾರದ ತುಂಡೊಂದನ್ನು ನೂರ ನಲವತ್ತರ ಸೂಜಿಗೆ ಪೋಣಿಸಿ, ಎರಡು ಕೈಯಲ್ಲಿ ಓರೆಯಾಗಿ ಬಿಗಿಹಿಡಿದಳು. ಸೂಜಿ ಇದ್ದಲ್ಲೇ ಇತ್ತು, ಅಲುಗಾಡಿಸಿದರೂ ಜಾರಲಿಲ್ಲ. ಇನ್ನೂರ ಮೂವತ್ತರದು ಕಲ್ಲು ಬಿದ್ದಂತೆ ದಡಕ್ಕನೆ ಕೆಳಗೆ ಬಿತ್ತು. ಡಬ್ಬಿಯನ್ನೇ ಬೋರಲು ಹಾಕಿ ಹುಡುಕಿ ನೂರ ಎಂಬತ್ತರದನ್ನು ಹಾಕಿದಳು. ಅದು ದಾರದ ಮೇಲೆ ಮೆಲ್ಲಗೆ ಸುತ್ತಿಕೊಳ್ಳುತ್ತ, ತನ್ನ ಭಾರಕ್ಕೆ ತಾನೇ ಇಳಿದು ಬಂದು ಅವಳ ಬೆರಳಿಗೆ ತಾಗಿತು.

ಅವಳು ಸೂಜಿಯನ್ನು ಮತ್ತೆ ಮೇಲಕ್ಕೆತ್ತಿ ಜಾರಲು ಬಿಟ್ಟಳು. ಇದನ್ನು ಅವಳು ನೋಡಿದ್ದಳು. ದಿನಾ ಬೆಳಿಗ್ಗೆ ನೋಡಿದ್ದಳು.

"ಮಾವ!" ಎಂದು ಕೂಗುತ್ತ ಎದ್ದಳು. "ನೀವು ಬೆಳಿಗ್ಗೆ ಸೂಜಿ ಹೀಗೆ ಜಾರಿಸ್ತಿದ್ರಲ್ಲ, ಯಾಕೆ?"

ಊಟ ಮುಗಿಸಿ ತೂಕಡಿಸುತ್ತಿದ್ದ ಮಾವ ಬೆಚ್ಚಿದರು. "ಯಾವ ಸೂಜಿ? ಓ, ಅದಾ? ಸುಮ್ನೆ ಆಟ. ಮಾತಾಡ್ತಾ ಕೈಗೆ ಏನಾದ್ರೂ ಬೇಕಲ್ಲ."

"ಆಟ ಅಲ್ಲ!"

"ಆಟವೇ ಕಣಮ್ಮ. ಕೆಲಸ ಇರೋದು ತಿರುಪಲ್ಲಿ."

"ಏನು ಆಟ ರೀ?" ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. "ಜಾರದೇ ಇದ್ರೆ ಆ ಸೂಜೀನ ಡಬ್ಬಿಗೆ ಎಸೆದು ಬೇರೆ ತಗೋತಿದ್ರಿ. ದಡಕ್ಕನೆ ಬಿದ್ರೂ ಎಸೀತಿದ್ರಿ. ನನ್ನ ಕಾಲಿಗೆ ಎಷ್ಟು ಸಲ ಚುಚ್ಚಿದೆ ಆ ನಿಮ್ಮ ಆಟ! ಇಷ್ಟು ವರ್ಷ ಗುಡಿಸಿದವಳು ನಾನು."

ಮಾವ ನಡುಗುವ ಬಲಗೈಯನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದರು. "ಕಳ್ಳ," ಎಂದರು ಕೈಗೆ. "ನನಗೂ ಹೇಳಿರಲಿಲ್ಲ ನೋಡು." ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಅವರು ಹಾಗೆ ನಕ್ಕು ಒಂದು ಚಳಿಗಾಲ ಕಳೆದಿತ್ತು.

*

ಸೂಜಿ ಸರಿಯಾದ ಮೇಲೂ ಉಳಿದ ಕೆಲಸ ತಾನಾಗಿ ಆಗಲಿಲ್ಲ. ಆದರೆ ಈಗ ತಿರುಪು ಹೇಳಿದ ಮಾತು ಕೇಳುತ್ತಿತ್ತು. ಕಾಲು ಸುತ್ತು ಬಿಗಿದರೆ ಗಂಟು ಒಂದಿಷ್ಟು ಮೇಲೇರುತ್ತಿತ್ತು. ಹೆಚ್ಚು ಬಿಗಿದರೆ ಮೇಲ್ಮೈಯಲ್ಲಿ ಎಳ್ಳಿನಂತೆ ಕಾಣಿಸಿಕೊಳ್ಳುತ್ತಿತ್ತು. ಸೊಸೆ ಬಾಬಿನ್ನಿನ ದಾರವನ್ನು ಒಂದು ಹದಕ್ಕೆ ನಿಲ್ಲಿಸಿ ಅದನ್ನು ಮತ್ತೆ ಮುಟ್ಟಲಿಲ್ಲ. ಎರಡು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವವರಾರು? ಹೊಲಿದಳು, ಸೀಳಿದಳು, ಗಾಜಿನಲ್ಲಿ ನೋಡಿದಳು, ತಿರುಪು ತಿರುಗಿಸಿದಳು. ಮತ್ತೆ ಹೊಲಿದಳು. ಕೊನೆಗೊಂದು ಚೂರನ್ನು ಸೀಳಿದಾಗ ಗಂಟುಗಳು ಎರಡು ಪದರ ಸೇರುವ ಅಂಟಿನ ಗೆರೆಯ ಮೇಲೇ, ದಿಂಬಿಗೆ ತಲೆಯಿಟ್ಟು ಮಲಗಿದವರಂತೆ ಸಾಲಾಗಿ ಕೂತಿದ್ದವು.

ಅವಳು ಭೂತಗನ್ನಡಿಯನ್ನು ಗಂಡನಿಗೆ ಕೊಟ್ಟಳು. ಅವನು ನೋಡಿದ. ಮತ್ತೆ ನೋಡಿದ. "ನಾನು ಸೋಫಾದವನಿಗೆ ಬರಲ್ಲ ಅಂತೀನಿ," ಎಂದ.

"ಇನ್ನೂ ಪಟ್ಟಿ ಹೊಲಿದಿಲ್ಲ."

"ಹೊಲೀತೀಯಲ್ಲ," ಎಂದು ಅವನು ಒಳ್ಳೆಯ ಚರ್ಮ ಕತ್ತರಿಸಲು ಎದ್ದ.

ಶುಕ್ರವಾರ ಅಂಟು ಚೆನ್ನಾಗಿ ಒಣಗುವವರೆಗೆ ಕಾದಳು. ಹಸಿ ಅಂಟು ಸೂಜಿಗೆ ಮೆತ್ತಿದರೆ ಮಾಡಿದ್ದೆಲ್ಲ ಹಾಳು. ಬಿಸಿಲು ಏರಿದ ಮೇಲೆ ಸ್ಟೂಲಿನ ಮೇಲೆ ಕೂತಳು. ಮಾವ ನೋಡಲಾರೆನೆಂದು ಹೊರಗೆ ಹೋಗಿ ಜಗಲಿಯ ಮೇಲೆ ಬೆನ್ನು ಮಾಡಿ ಕೂತರು. ಸೊಸೆ ಪೆಡಲು ಒತ್ತಿದಳು. ಇಷ್ಟು ದಿನ ಕಟಕಟ ಎಂದು ಗೊಣಗುತ್ತಿದ್ದ ಮಿಷನ್ ಈಗ ಬೇರೆಯೇ ಸದ್ದು ಮಾಡಿತು. ಮಾಗಿದ ಹಣ್ಣಿಗೆ ಚಾಕು ಇಳಿದಂತೆ ಸೂಜಿ ಒಳಗೆ, ಮೆತ್ತಗೆ ಒಂದು ಟಕ್, ದಾರ ಮೇಲಕ್ಕೆ. ಪಟ್ಟಿ ಅಂಗೈ ಕೆಳಗೆ ಹೊಳೆಯಲ್ಲಿ ದೋಣಿ ಹೋದ ಹಾಗೆ ಸರಿಯಿತು. ಮೂಲೆ ಬಂದಾಗ ಸೂಜಿಯನ್ನು ಚರ್ಮದಲ್ಲೇ ನಿಲ್ಲಿಸಿ, ಚರ್ಮವನ್ನು ಅದುಮಿ ಹಿಡಿಯುವ ಒತ್ತುಪಾದವನ್ನು ಎತ್ತಿ, ಪಟ್ಟಿಯನ್ನು ಅದರ ಸುತ್ತ ತಿರುಗಿಸಿ ಮುಂದುವರಿದಳು. ಜಗಲಿಯಲ್ಲಿ ಮಾವನ ಕಾಲ್ಬೆರಳು ತಾಳ ಹಾಕುತ್ತಿದ್ದದ್ದನ್ನು ಅತ್ತೆ ಮಾತ್ರ ಕಂಡರು.

ಬಕಲು ಕೂರುವ ತುದಿಯ ಹತ್ತಿರ ಅವಳು ಕಾಲು ತೆಗೆದಳು.

"ಯಾಕೆ ನಿಲ್ಲಿಸ್ದೆ?" ಗಂಡ ಗಾಬರಿಯಾದ. "ಇಷ್ಟು ಚೆನ್ನಾಗಿ ಹೋಗ್ತಿದೆ, ಹಂಗೇ ಹೊಡ್ಕೊಂಡು ಹೋಗು!"

"ಇಲ್ಲಿ ಮಡಿಚಿ ಮೂರು ಪದರ ಆಗಿದೆ. ಬಾವಿ ಆಳ ಆಯ್ತು. ಅದೇ ಎಳೆತಕ್ಕೆ ಗಂಟು ಕೆಳಗೇ ನಿಲ್ಲುತ್ತೆ."

ಬಕಲೇ ಎಲ್ಲಕ್ಕಿಂತ ಹೆಚ್ಚು ಭಾರ ಹೊರುವ ಜಾಗ. ಅವಳು ಮೂರು ಪದರದ ಚೂರೊಂದನ್ನು ಅಂಟಿಸಿ, ಅದು ಒಣಗುವವರೆಗೆ ತಾಳ್ಮೆಯಿಂದ ಕಾದು, ಹೊಲಿದು, ಸೀಳಿ ನೋಡಿದಳು. ಅವಳು ಹೇಳಿದಂತೆಯೇ ಇತ್ತು. ತಿರುಪಿಗೆ ಇನ್ನೊಂದಿಷ್ಟು ಬಿಗಿ ಕೊಟ್ಟು ಮತ್ತೆ ಸೀಳಿ ನೋಡಿ, ಆಮೇಲೆಯೇ ಪಟ್ಟಿಗೆ ಕೈ ಹಚ್ಚಿದಳು. ಹೊರಗಿನಿಂದ ಮಾವನ ದನಿ ಕೇಳಿಸಿತು, ತಿರುಗಿ ನೋಡದೆಯೇ:

"ನಾನಾಗಿದ್ರೆ ಹೊಡ್ಕೊಂಡು ಹೋಗ್ತಿದ್ದೆ."

ಅದು ಬೈಗುಳವಲ್ಲ ಎಂದು ತಿಳಿಯಲು ಸೊಸೆಗೆ ಒಂದು ಕ್ಷಣ ಬೇಕಾಯಿತು.

*

ಶನಿವಾರ ಸೋಫಾದವನು ಹೇಳಿದ್ದಕ್ಕಿಂತ ಬೇಗ ಬಂದ. ಇಬ್ಬರು ಆಳುಗಳು ಮಿಷನ್ನಿನ ತಲೆಯನ್ನು ಮೇಜಿನಿಂದ ಬಿಚ್ಚಿ, ಹಗ್ಗ ಸುತ್ತಿ, ಹಗ್ಗದ ಕುಣಿಕೆಯೊಳಗೆ ಕಬ್ಬಿಣದ ಕೊಳವೆ ತೂರಿಸಿ ಆಗಲೇ ನೆಲಕ್ಕಿಳಿಸಿದ್ದರು. ಇಳಿಸುವಷ್ಟರಲ್ಲೇ ಇಬ್ಬರ ಮುಖವೂ ಟೊಮೇಟೊ ಆಗಿತ್ತು.

"ತಡೀರಿ, ಇನ್ನೂ ತೀರ್ಮಾನ ಆಗಿಲ್ಲ," ಎಂದಳು ಸೊಸೆ.

"ಏನು ತೀರ್ಮಾನ?" ಸೋಫಾದವನು ಮಾವನ ಮುಖ ನೋಡಿದ. ಮಾವ ಪಟ್ಟಿಯ ಮೇಲೆ ಭೂತಗನ್ನಡಿ ಹಿಡಿದು ಕೂತಿದ್ದರು. ಮೇಲೆ ನೋಡಿದರು, ಹಿಂದೆ ನೋಡಿದರು, ಬಕಲಿನ ಹತ್ತಿರ ಬಹಳ ಹೊತ್ತು ನೋಡಿದರು.

"ನೋಡೋಕೆ ಚೆನ್ನಾಗಿದೆ," ಎಂದರು. "ಆ ಅಂಗಡೀದೂ ನೋಡೋಕೆ ಚೆನ್ನಾಗೇ ಇತ್ತು."

ಗುಬ್ಬಿ ಓಡುತ್ತಲೇ ಬಂದಳು. ಪಟ್ಟಿಯನ್ನು ಸುತ್ತಿಕೊಂಡು ಬಕಲನ್ನು ಕಟ್ಟಿ, ಹೊಟ್ಟೆಯೊಳಗೆ ಗಾಳಿ ತುಂಬಿ ತುಂಬಿ ನೋಡಿದಳು. ಹೊಸ ಚರ್ಮ ಕಿರ್ರೆಂದಿತು. "ಹಿಡಿದಿದೆ ಅಕ್ಕ! ಆದ್ರೆ ಭಾರ ಎತ್ತದೆ ಹೇಗೆ ಹೇಳೋದು? ಮೈದಾನಕ್ಕೆ ಹೋಗೋಣ್ವಾ?"

ಅವಳ ಕಣ್ಣು ನೆಲದ ಮೇಲಿದ್ದ ಮಿಷನ್ನಿನ ಮೇಲೆ ಬಿತ್ತು. ಹಗ್ಗ, ಕುಣಿಕೆ, ಕೊಳವೆ. ಅವಳ ತುಟಿ ಅರಳಿತು.

"ಇದೇ ಆಗುತ್ತೆ."

"ಏಯ್, ಬೇಡಮ್ಮ!" ಎಂದ ಸೋಫಾದವನು. "ನನ್ನ ಆಳುಗಳಿಗೇ ಉಸಿರು ಹತ್ತಿದೆ."

"ಅವರಿಗೆ ಅಕ್ಕ ಹೊಲಿದ ಪಟ್ಟಿ ಇರಲಿಲ್ಲ," ಎಂದಳು ಗುಬ್ಬಿ. ಕೊಳವೆಯ ಹಿಂದೆ ಪಾದ ಊರಿ, ಮಂಡಿ ಬಗ್ಗಿಸಿ, ಎರಡೂ ಕೈಯಿಂದ ಹಿಡಿದಳು. ಉಸಿರು ಒಳಗೆಳೆದಳು. ಸೊಸೆಗೆ ಆ ಉಸಿರು ತನ್ನದೇ ಎದೆಯಲ್ಲಿ ನಿಂತಂತಾಯಿತು. ಮೇಲಿನ ದಾರ, ಕೆಳಗಿನ ದಾರ, ನಡುವಿನ ಕತ್ತಲಲ್ಲಿ ಕೂತ ಒಂದೊಂದು ಗಂಟೂ ಅವಳ ಕಣ್ಣೆದುರು ಬಂದವು.

ಹಗ್ಗ ಬಿಗಿಯಿತು. ಕೊಳವೆ ಬಾಗಿತು. ಮಿಷನ್ ನೆಲ ಬಿಟ್ಟಿತು.

ಗುಬ್ಬಿ ನೆಟ್ಟಗೆ ನಿಂತಳು. ಕತ್ತಿನ ನರಗಳು ಉಬ್ಬಿದ್ದವು, ಕೆನ್ನೆ ಕೆಂಪಾಗಿತ್ತು, ಪಟ್ಟಿ ಅವಳ ಸೊಂಟಕ್ಕೆ ಡೋಲಿನಂತೆ ಬಿಗಿದಿತ್ತು. ಮಾವ ಮಂಡಿಯೂರಿ ಕೂತು, ಭೂತಗನ್ನಡಿಯನ್ನು ಅವಳ ಬೆನ್ನಿಗೆ ಹತ್ತಿರ ಹಿಡಿದು ಹೊಲಿಗೆಯ ಸಾಲಿನುದ್ದಕ್ಕೂ ತೆವಳತೊಡಗಿದರು.

"ತಾತಾ," ಹಲ್ಲು ಕಚ್ಚಿದ ದನಿ ಬಂತು, "ಪೇಪರ್ ಓದೋ ಹಾಗೆ ಓದಬೇಡಿ! ಬೇಗ!"

"ತಡಿ, ತಡಿ, ಬಕಲ್ ಹತ್ರ ಇನ್ನೂ ನೋಡಿಲ್ಲ."

"ರೀ, ಹುಡುಗಿ ಸಾಯ್ತಾಳೆ!" ಅತ್ತೆ ಕೂಗಿದರು.

ಮಾವ ಬಕಲಿನ ತುದಿಗೆ ಬಂದರು. ಮೂರು ಪದರ ಸೇರುವಲ್ಲಿ ಗಾಜು ನಿಂತಿತು. ಗಾಜು ನಡುಗುತ್ತಿತ್ತು, ಹೊಲಿಗೆ ನಡುಗುತ್ತಿರಲಿಲ್ಲ.

"ಒಂದೂ ಮಿಸುಕಿಲ್ಲ," ಎಂದರು. ಮತ್ತೆ, ಬೀದಿಗೆಲ್ಲ ಕೇಳುವಂತೆ: "ಒಂದೂ ಮಿಸುಕಿಲ್ಲ!"

ಗಂಡ ಸಿಳ್ಳೆ ಹೊಡೆದ. ಬಾಗಿಲಲ್ಲಿ ನಿಂತ ಇಬ್ಬರು ಆಳುಗಳು, ಯಾರ ಕಡೆಯವರೆಂಬುದನ್ನು ಮರೆತು, ಚಪ್ಪಾಳೆ ತಟ್ಟಿದರು. ಸೋಫಾದವನು ಇಂಗು ತಿಂದ ಮಂಗನಂತೆ ಅತ್ತ ಇತ್ತ ನೋಡಿ, ಕೊನೆಗೆ ತಾನೂ ತಟ್ಟಿದ.

"ಎಲ್ಲಿ ಇಳಿಸ್ಲಿ?" ಎಂದಳು ಗುಬ್ಬಿ, ಒಂದೊಂದೇ ಅಕ್ಷರ ಹಿಂಡಿ. "ಬೇಗ ಹೇಳಿ ತಾತ! ಎಲ್ಲಿ?"

ಮಾವ ಎದ್ದು ಮಂಡಿ ಒರೆಸಿಕೊಂಡರು. ಒಮ್ಮೆ ಗಾಡಿಯ ಕಡೆ ನೋಡಿದರು, ಒಮ್ಮೆ ಸೊಸೆಯ ಕಡೆ.

"ನನ್ನನ್ಯಾಕೆ ಕೇಳ್ತೀಯ? ಹೊಲಿಯೋಳು ಅವಳು. ಎಲ್ಲಿ ಕೂರ್ತಾಳೋ ಅವಳನ್ನೇ ಕೇಳು."

ಭಾರ ಹೊತ್ತವಳನ್ನು ಕಾಯಿಸುವ ಹೊತ್ತು ಅದಲ್ಲ. ಸೊಸೆ ಕೋಣೆಯನ್ನೆಲ್ಲ ಒಮ್ಮೆ ಕಣ್ಣಲ್ಲೇ ಅಳೆದಳು, ಬೆಳಕು ಚೆನ್ನಾಗಿ ಬೀಳುವ ಕಡೆಗೆ ಕೈ ತೋರಿಸಿದಳು.

"ಕಿಟಕಿ ಹತ್ರ," ಎಂದಳು. "ಮೆತ್ತಗೆ ಇಳಿಸು. ಮುಖ ನನ್ನ ಕಡೆಗಿರಲಿ."